ಪರಮಾಣುವಿಗೆ ಗಂಟೆ ಕಟ್ಟಿದ ಜಾರ್ಜ್ ಡಿ ಹೆವೆಶಿ: ಕ್ಯಾನ್ಸರ್ ಆಪರೇಷನ್‌ನಲ್ಲಿ ಕೊಡುವ ಆ ಇಂಜೆಕ್ಷನ್‌ಗೆ ಹೆದರಬೇಕೆ?

ಸ್ತನ ಕ್ಯಾನ್ಸರ್‌ನ ಆಪರೇಷನ್‌ಗೆ ಮೊದಲು ಕೆಲವು ಆಸ್ಪತ್ರೆಗಳಲ್ಲಿ ಒಂದು ಚಿಕ್ಕ ಇಂಜೆಕ್ಷನ್ ಕೊಡುತ್ತಾರೆ. ಅದರಲ್ಲಿ ವಿಕಿರಣ ಸೂಸುವ ವಸ್ತು ಇದೆ ಎಂದು ಗೊತ್ತಾದ ಕೂಡಲೇ ಮನೆಯವರ ಎದೆ ಧಸಕ್ಕೆನ್ನುತ್ತದೆ. ಬಾಂಬಿನಲ್ಲಿ ಇರುವುದನ್ನೇ ಮೈಯೊಳಗೆ ಬಿಡುತ್ತಾರಂತೆ, ಇಂಜೆಕ್ಷನ್ ಆದವರ ಹತ್ತಿರ ಮಕ್ಕಳು ಹೋಗಬಾರದಂತೆ, ಸೂಜಿ ಚುಚ್ಚಿದರೆ ಗಡ್ಡೆ ಒಡೆದು ಮೈಯೆಲ್ಲ ಹರಡುತ್ತದಂತೆ. ಇಂಥ ಅಂತೆಕಂತೆಗಳು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತವೆ.

ಇವನ್ನು ನಂಬಿ ಇಂಜೆಕ್ಷನ್ ಬೇಡವೆಂದರೆ ಆಗುವ ನಷ್ಟ ಸಣ್ಣದಲ್ಲ. ಕಂಕುಳಿನಿಂದ ಒಂದೆರಡು ಗ್ರಂಥಿ ತೆಗೆದರೆ ಸಾಕಾಗುತ್ತಿದ್ದವರಿಗೆ ಹತ್ತಿಪ್ಪತ್ತು ಗ್ರಂಥಿ ತೆಗೆಯಬೇಕಾಗಿ ಬರಬಹುದು. ಅದರಿಂದ ತೋಳು ಊದಿಕೊಂಡು, ಬದುಕಿಡೀ ಒಂದು ಬಿಂದಿಗೆ ಎತ್ತಲೂ ಯೋಚಿಸುವ ಸ್ಥಿತಿ ಬರಬಹುದು.

ಹಾಗಾದರೆ ಆ ಇಂಜೆಕ್ಷನ್ ಏನು ಮಾಡುತ್ತದೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ನಾವು ತಲುಪುವುದು ಆಸ್ಪತ್ರೆಗಲ್ಲ, ಸುಮಾರು ನೂರಾ ಹದಿನೈದು ವರ್ಷ ಹಿಂದಿನ ಒಂದು ಪ್ರಯೋಗಾಲಯಕ್ಕೆ. ಅಲ್ಲಿ ಸೀಸದ ರಾಶಿಯ ಮುಂದೆ ಸೋತು ಕುಳಿತಿದ್ದ ಒಬ್ಬ ತರುಣನ ಕಥೆ ಇದು.

ಬುಡಾಪೆಸ್ಟ್‌ನಿಂದ ಮ್ಯಾಂಚೆಸ್ಟರ್‌ಗೆ

ಜಾರ್ಜ್ ಡಿ ಹೆವೆಶಿ ಹುಟ್ಟಿದ್ದು 1885ರ ಆಗಸ್ಟ್ 1ರಂದು, ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ಎಂಟು ಮಕ್ಕಳ ಸಿರಿವಂತ ಮನೆ, ಇವರು ಐದನೆಯವರು. ಯಹೂದಿ ಮೂಲದ, ಆದರೆ ಕ್ಯಾಥೊಲಿಕ್ ಆಗಿದ್ದ ಮನೆತನ. ಆ ಮೂಲವೇ ಮುಂದೆ ಎರಡು ಸಲ ಅವರನ್ನು ದೇಶ ಬಿಡಿಸಿತು.

ಬುಡಾಪೆಸ್ಟ್ ಮತ್ತು ಬರ್ಲಿನ್‌ನಲ್ಲಿ ಓದಿದ ಹೆವೆಶಿ 1908ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆಮೇಲೆ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲೂ ಜರ್ಮನಿಯ ಕಾರ್ಲ್ಸ್‌ರೂನಲ್ಲೂ ಕೆಲಸ ಮಾಡಿ, 1911ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಬಂದರು. ಅಲ್ಲಿದ್ದವರು ಅರ್ನೆಸ್ಟ್ ರುದರ್‌ಫೋರ್ಡ್. ಪರಮಾಣುವಿನ ನಟ್ಟನಡುವೆ ಪುಟ್ಟದೊಂದು ನ್ಯೂಕ್ಲಿಯಸ್ ಇದೆ ಎಂದು ಜಗತ್ತಿಗೆ ಹೇಳಿದವರು. ಅದನ್ನು ಹೇಳಿದ್ದೂ ಅದೇ ವರ್ಷ.

ರುದರ್‌ಫೋರ್ಡ್ ಹತ್ತಿರ ಒಂದು ತಲೆನೋವು ಇತ್ತು. ರೇಡಿಯಂ ತೆಗೆದ ಅದಿರಿನಿಂದ ಉಳಿದ ಸೀಸ ಆಸ್ಟ್ರಿಯಾದಿಂದ ರಾಶಿ ರಾಶಿಯಾಗಿ ಬಂದಿತ್ತು. ಆ ಸೀಸದೊಳಗೆ ಅಮೂಲ್ಯವಾದ ರೇಡಿಯಂ-ಡಿ ಎಂಬ ವಿಕಿರಣ ವಸ್ತು ಬೆರೆತಿತ್ತು. ಸೀಸವನ್ನು ಬೇರೆ ಮಾಡದೆ ಅದನ್ನು ಬಳಸುವಂತಿರಲಿಲ್ಲ. ಈ ಕೆಲಸವನ್ನು ಅವರು ಹೊಸದಾಗಿ ಬಂದ ಹೆವೆಶಿಗೆ ಒಪ್ಪಿಸಿದರು.

ಸೋಲೇ ದಾರಿ ತೋರಿತು

ಹೆವೆಶಿ ತಮಗೆ ಗೊತ್ತಿದ್ದ ವಿಧಾನಗಳನ್ನೆಲ್ಲ ಪ್ರಯತ್ನಿಸಿದರು. ತಿಂಗಳುಗಟ್ಟಲೆ ಹೆಣಗಿದರು. ಸೀಸ ಎಲ್ಲಿ ಹೋದರೆ ರೇಡಿಯಂ-ಡಿ ಅಲ್ಲಿಗೇ ಹೋಗುತ್ತಿತ್ತು. ಸೀಸ ಕರಗಿದರೆ ಅದೂ ಕರಗುತ್ತಿತ್ತು, ಸೀಸ ತಳಕ್ಕೆ ಕುಳಿತರೆ ಅದೂ ಕೂರುತ್ತಿತ್ತು.

ಕಾರಣ ಆಗಿನ್ನೂ ಸ್ಪಷ್ಟವಾಗಿರಲಿಲ್ಲ. ಈಗ ನಮಗೆ ಗೊತ್ತು: ರೇಡಿಯಂ-ಡಿ ಎಂಬುದು ಸೀಸವೇ. ಮಾಮೂಲಿ ಸೀಸಕ್ಕಿಂತ ತೂಕ ತುಸು ಬೇರೆ, ಜೊತೆಗೆ ವಿಕಿರಣ ಸೂಸುತ್ತದೆ, ಅಷ್ಟೇ. ಹೀಗೆ ಒಂದೇ ಧಾತುವಿನ ಬೇರೆ ಬೇರೆ ರೂಪಗಳಿಗೆ ಐಸೊಟೋಪ್ ಎಂಬ ಹೆಸರು ಬಂದದ್ದು 1913ರಲ್ಲಿ. ಸೀಸದಿಂದ ಸೀಸವನ್ನು ಬೇರೆ ಮಾಡಲು ರಸಾಯನಶಾಸ್ತ್ರದ ಯಾವ ಉಪಾಯವೂ ಸಾಲದು.

ಬೇರೆಯವರಾಗಿದ್ದರೆ ಇಲ್ಲಿಗೆ ಕೈಚೆಲ್ಲುತ್ತಿದ್ದರೇನೋ. ಹೆವೆಶಿ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಇವೆರಡನ್ನು ಬೇರೆ ಮಾಡಲು ಆಗುವುದೇ ಇಲ್ಲವೆಂದರೆ, ಮಾಮೂಲಿ ಸೀಸಕ್ಕೆ ಚಿಟಿಕೆ ರೇಡಿಯಂ-ಡಿ ಬೆರೆಸಿಬಿಟ್ಟರೆ ಹೇಗೆ? ಆಗ ಸೀಸ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ವಿಕಿರಣದ ಸುಳಿವು ಸಿಗುತ್ತದೆ. ಕಣ್ಣಿಗೆ ಕಾಣದಷ್ಟು ಕಡಿಮೆ ಸೀಸವಿದ್ದರೂ ಉಪಕರಣ ಪತ್ತೆ ಹಚ್ಚುತ್ತದೆ.

ಮಲೆನಾಡಿನ ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಡಿಗೆ ಮೇಯಲು ಬಿಟ್ಟ ದನಗಳಲ್ಲಿ ಒಂದೆರಡರ ಕೊರಳಿಗೆ ಗಂಟೆ ಕಟ್ಟಿರುತ್ತಾರೆ. ಗಂಟೆ ಕಟ್ಟಿದ್ದರಿಂದ ಆ ದನದ ಸ್ವಭಾವ ಬದಲಾಗುವುದಿಲ್ಲ. ಉಳಿದವು ಹೋದ ಕಡೆಗೇ ಹೋಗುತ್ತದೆ, ಅವು ಮೇಯುವಲ್ಲೇ ಮೇಯುತ್ತದೆ. ಸಂಜೆ ಹುಡುಕಲು ಹೋದವರು ಸದ್ದು ಕೇಳಿ ಇಡೀ ಹಿಂಡನ್ನು ಪತ್ತೆ ಮಾಡುತ್ತಾರೆ. ಹೆವೆಶಿ ಮಾಡಿದ್ದೂ ಇದನ್ನೇ; ಅವರು ಗಂಟೆ ಕಟ್ಟಿದ್ದು ಪರಮಾಣುವಿಗೆ. ಇಂಥ ಗುರುತಿನ ವಸ್ತುವಿಗೆ ಟ್ರೇಸರ್ ಎನ್ನುತ್ತಾರೆ.

1913ರಲ್ಲಿ ಅವರು ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋದರು. ಅಲ್ಲಿ ಫ್ರಿಟ್ಜ್ ಪಾನೆಟ್ ಎಂಬ ಇನ್ನೊಬ್ಬ ವಿಜ್ಞಾನಿಯೂ ಇದೇ ಸೀಸದ ಮುಂದೆ ಸೋತಿದ್ದರು. ಸೋತ ಇಬ್ಬರೂ ಸೇರಿ, ನೀರಿನಲ್ಲಿ ಹೆಚ್ಚೂಕಡಿಮೆ ಕರಗದ ಸೀಸದ ಲವಣಗಳು ನಿಜವಾಗಿ ಎಷ್ಟು ಕರಗುತ್ತವೆ ಎಂಬುದನ್ನು ಟ್ರೇಸರ್ ಬಳಸಿ ಅಳೆದರು. ಜಗತ್ತಿನ ಮೊದಲ ಟ್ರೇಸರ್ ಪ್ರಯೋಗಗಳು ಇವು.

ಮನೆಯೊಡತಿಯ ಅಡುಗೆ

ಹೆವೆಶಿ ಮುಂದೆ ತಾವೇ ಹೇಳಿಕೊಳ್ಳುತ್ತಿದ್ದ ಒಂದು ಪ್ರಸಂಗ ಮ್ಯಾಂಚೆಸ್ಟರ್ ಕಾಲದ್ದು. ಅವರು ಉಳಿದುಕೊಂಡಿದ್ದು ಊಟ, ವಸತಿ ಎರಡೂ ಕೊಡುವ ಒಂದು ಮನೆಯಲ್ಲಿ. ಭಾನುವಾರ ತಟ್ಟೆಯಲ್ಲಿ ಉಳಿದ ಮಾಂಸವೇ ವಾರದ ನಡುವೆ ಬೇರೆ ರೂಪದಲ್ಲಿ ಮತ್ತೆ ಬರುತ್ತಿದೆ ಎಂಬ ಗುಮಾನಿ ಅವರಿಗೆ. ಕೇಳಿದರೆ ಮನೆಯೊಡತಿ ಒಪ್ಪಲಿಲ್ಲ.

ಒಂದು ಭಾನುವಾರ ಹೆವೆಶಿ ತಮ್ಮ ತಟ್ಟೆಯಲ್ಲಿ ಉಳಿದದ್ದಕ್ಕೆ ಗೊತ್ತಾಗದಂತೆ ಚೂರೇ ಚೂರು ವಿಕಿರಣ ವಸ್ತು ಸೇರಿಸಿದರು. ಕೆಲವು ದಿನಗಳ ನಂತರ ಬಡಿಸಿದ ಅಡುಗೆಯ ಪಕ್ಕದಲ್ಲಿ ವಿಕಿರಣ ಪತ್ತೆ ಹಚ್ಚುವ ಉಪಕರಣ ಇಟ್ಟರು. ಉಪಕರಣ ಗುಟ್ಟು ಬಿಟ್ಟುಕೊಟ್ಟಿತು.

ಇಂದು ಯಾರಾದರೂ ಊಟಕ್ಕೆ ಹೀಗೆ ಮಾಡಿದರೆ ಅದು ಅಪರಾಧ. ವಿಕಿರಣದ ಅಪಾಯ ಆಗ ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಆದರೂ ಈ ಪ್ರಸಂಗವನ್ನು ನಾವು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಕ್ಯಾನ್ಸರ್ ಸರ್ಜನ್ ಇಂದು ಮಾಡುವ ಕೆಲಸದ ಮೂರು ಹಂತಗಳೂ ಇದರಲ್ಲಿವೆ: ಒಂದು ಕಡೆ ಗುರುತು ಇಡುವುದು, ಅದು ತನ್ನ ದಾರಿಯಲ್ಲಿ ಸಾಗಲು ಬಿಡುವುದು, ಆಮೇಲೆ ಎಲ್ಲಿ ತಲುಪಿದೆ ಎಂದು ಉಪಕರಣ ಹಿಡಿದು ಹುಡುಕುವುದು.

ಗಿಡ, ಇಲಿ, ಮೂಳೆ

ಮೊದಲ ಮಹಾಯುದ್ಧದಲ್ಲಿ ಹೆವೆಶಿ ಆಸ್ಟ್ರಿಯಾ-ಹಂಗೆರಿಯ ಸೈನ್ಯದಲ್ಲಿ ಇರಬೇಕಾಯಿತು. ಯುದ್ಧ ಮುಗಿದ ಮೇಲೆ ಹಂಗೆರಿಯಲ್ಲಿ ಗಲಭೆ, ಅಸ್ಥಿರತೆ. 1920ರಲ್ಲಿ ಅವರು ಡೆನ್ಮಾರ್ಕ್‌ನ ಕೋಪನ್‌ಹೇಗನ್‌ಗೆ, ನೀಲ್ಸ್ ಬೋರ್ ಅವರ ಸಂಸ್ಥೆಗೆ ಹೋದರು. ಅಲ್ಲಿ ಡಿರ್ಕ್ ಕೋಸ್ಟರ್ ಜೊತೆ ಸೇರಿ ಹೊಸ ಧಾತುವೊಂದನ್ನು ಕಂಡುಹಿಡಿದರು. ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರಿನಿಂದ ಅದಕ್ಕೆ ಹಾಫ್ನಿಯಂ ಎಂದು ಹೆಸರಿಟ್ಟದ್ದು 1923ರಲ್ಲಿ. ಮರುವರ್ಷ ಪಿಯಾ ರೀಸ್ ಜೊತೆ ಮದುವೆ; ಮುಂದೆ ನಾಲ್ಕು ಮಕ್ಕಳು.

ನಮ್ಮ ಕಥೆಗೆ ಹಾಫ್ನಿಯಂಗಿಂತ ಮುಖ್ಯವಾದದ್ದು ಅದೇ 1923ರ ಇನ್ನೊಂದು ಕೆಲಸ. ಹೆವೆಶಿ ಅವರೆಯಂಥ ಒಂದು ಗಿಡದ ಬೇರನ್ನು ವಿಕಿರಣ ಸೀಸ ಬೆರೆಸಿದ ನೀರಿನಲ್ಲಿ ಇಟ್ಟು, ಸೀಸ ಬೇರಿನಲ್ಲಿ ಎಷ್ಟು ಉಳಿಯಿತು, ಕಾಂಡಕ್ಕೆ ಮತ್ತು ಎಲೆಗೆ ಎಷ್ಟು ಏರಿತು ಎಂದು ಲೆಕ್ಕ ಹಾಕಿದರು. ಟ್ರೇಸರ್ ಮೊದಲ ಬಾರಿಗೆ ಜೀವದೊಳಗೆ ಕಾಲಿಟ್ಟಿತು. ಅದೇ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹರ್ಮನ್ ಬ್ಲೂಮ್‌ಗಾರ್ಟ್ ಎಂಬ ವೈದ್ಯರು ಮನುಷ್ಯರ ಒಂದು ತೋಳಿಗೆ ವಿಕಿರಣ ವಸ್ತು ಚುಚ್ಚಿ, ರಕ್ತದ ಜೊತೆ ಅದು ಇನ್ನೊಂದು ತೋಳಿಗೆ ಬರಲು ಎಷ್ಟು ಹೊತ್ತು ಬೇಕು ಎಂದು ಅಳೆದರು.

ಸೀಸ ಮಾತ್ರ ಮೈಗೆ ವಿಷ. ದೇಹ ದಿನನಿತ್ಯ ಬಳಸುವ ವಸ್ತುವಿಗೆ ಗಂಟೆ ಕಟ್ಟಬೇಕಿತ್ತು. 1934ರಲ್ಲಿ ಆ ಬಾಗಿಲು ತೆರೆಯಿತು. ಮೇರಿ ಕ್ಯೂರಿಯವರ ಮಗಳು ಐರೀನ್ ಮತ್ತು ಅಳಿಯ ಫ್ರೆಡ್ರಿಕ್ ಜೋಲಿಯೊ, ಮಾಮೂಲಿ ಧಾತುಗಳನ್ನೂ ಕೃತಕವಾಗಿ ವಿಕಿರಣ ಸೂಸುವಂತೆ ಮಾಡಬಹುದು ಎಂದು ತೋರಿಸಿದರು.

1926ರಿಂದ ಫ್ರೈಬುರ್ಗ್‌ನಲ್ಲಿ ಪ್ರೊಫೆಸರ್ ಆಗಿದ್ದ ಹೆವೆಶಿ, ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅದೇ 1934ರಲ್ಲಿ ಜರ್ಮನಿ ಬಿಟ್ಟು ಮತ್ತೆ ಕೋಪನ್‌ಹೇಗನ್ ಸೇರಿದರು. ಅಲ್ಲಿ ಅವರು ತಯಾರಿಸಿದ್ದು ವಿಕಿರಣ ಸೂಸುವ ರಂಜಕ, ಅಂದರೆ ಫಾಸ್ಫರಸ್-32. ಓಲೆ ಕೀವಿಟ್ಜ್ ಎಂಬ ವೈದ್ಯರ ಜೊತೆ ಸೇರಿ ಅದನ್ನು ಇಲಿಗಳಿಗೆ ಕೊಟ್ಟು, ರಂಜಕ ಎಲ್ಲೆಲ್ಲಿ ಹೋಗುತ್ತದೆ ಎಂದು ಹಿಂಬಾಲಿಸಿದರು.

1935ರಲ್ಲಿ ಬಂದ ಫಲಿತಾಂಶ ಎಲ್ಲರ ತಿಳಿವಳಿಕೆಯನ್ನು ಬದಲಿಸಿತು. ಬೆಳೆದು ನಿಂತ ಮೂಳೆ ಕಲ್ಲುಕಂಬದಂತೆ ಹಾಗೇ ಇರುತ್ತದೆ ಎಂದು ಅಲ್ಲಿಯವರೆಗೆ ಭಾವಿಸಿದ್ದರು. ಹೆವೆಶಿ ಕಂಡದ್ದೇ ಬೇರೆ. ಮೂಳೆಯಿಂದ ರಂಜಕ ಹೊರಡುತ್ತಲೇ ಇತ್ತು, ಆಹಾರದಿಂದ ಬಂದ ಹೊಸ ರಂಜಕ ಅದರ ಜಾಗಕ್ಕೆ ಸೇರುತ್ತಲೇ ಇತ್ತು. ಹೊರಗಿನಿಂದ ಅದೇ ಮೂಳೆ. ಒಳಗಿನ ಸರಕು ಮಾತ್ರ ಬದಲಾಗುತ್ತಲೇ ಇರುತ್ತದೆ.

ಸೀಸೆಯಲ್ಲಿ ಅಡಗಿದ ಚಿನ್ನ

1940ರ ಏಪ್ರಿಲ್‌ನಲ್ಲಿ ನಾಜಿ ಸೈನ್ಯ ಕೋಪನ್‌ಹೇಗನ್ ಹೊಕ್ಕಿತು. ಬೋರ್ ಅವರ ಸಂಸ್ಥೆಯಲ್ಲಿ ಆಗ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಚಿನ್ನದ ಪದಕಗಳಿದ್ದವು. ಒಂದು ಮ್ಯಾಕ್ಸ್ ಫಾನ್ ಲೌಅ ಅವರದು, ಇನ್ನೊಂದು ಜೇಮ್ಸ್ ಫ್ರಾಂಕ್ ಅವರದು. ಜರ್ಮನಿಯಿಂದ ಚಿನ್ನ ಹೊರಗೆ ಕಳುಹಿಸುವುದು ಘೋರ ಅಪರಾಧವಾಗಿದ್ದ ಕಾಲ. ಪದಕದ ಮೇಲೆ ಹೆಸರು ಬೇರೆ ಕೆತ್ತಿತ್ತು. ಸಿಕ್ಕಿಬಿದ್ದರೆ ಜೀವಕ್ಕೇ ಕುತ್ತು.

ಹೂತಿಟ್ಟರೆ ಅಗೆದು ತೆಗೆಯಬಹುದು. ಹೆವೆಶಿ ಪದಕಗಳನ್ನು ಆಕ್ವಾ ರೀಜಿಯಾದಲ್ಲಿ ಕರಗಿಸಿಬಿಟ್ಟರು. ಚಿನ್ನ ಶುದ್ಧ ಮಾಡುವ ನಮ್ಮ ಅಕ್ಕಸಾಲಿಗರಿಗೂ ಪರಿಚಯವಿರುವ, ಎರಡು ಆಮ್ಲಗಳ ಮಿಶ್ರಣ ಅದು. ಸೈನಿಕರು ಸಂಸ್ಥೆಯನ್ನು ಜಾಲಾಡಿದರೂ ಕಪಾಟಿನ ಮೇಲಿದ್ದ ಆ ಸೀಸೆಗಳ ಕಡೆ ನೋಡಲಿಲ್ಲ. ಯುದ್ಧ ಮುಗಿದ ಮೇಲೆ ಸೀಸೆಗಳು ಹಾಗೇ ಸಿಕ್ಕವು. ಅವುಗಳಿಂದ ಚಿನ್ನವನ್ನು ಮತ್ತೆ ಬೇರ್ಪಡಿಸಿ ಸ್ವೀಡನ್‌ಗೆ ಕಳುಹಿಸಲಾಯಿತು, ಪದಕಗಳು ಹೊಸದಾಗಿ ಎರಕಗೊಂಡು ತಮ್ಮ ಒಡೆಯರನ್ನು ಸೇರಿದವು.

1943ರಲ್ಲಿ ಡೆನ್ಮಾರ್ಕ್‌ನಲ್ಲೂ ಯಹೂದಿಗಳ ಬೇಟೆ ಶುರುವಾದಾಗ ಹೆವೆಶಿ ಸ್ವೀಡನ್‌ಗೆ ಪಾರಾದರು. ಸ್ಟಾಕ್‌ಹೋಮ್‌ನಲ್ಲಿ ಹಾನ್ಸ್ ಫಾನ್ ಆಯ್ಲರ್ ಜೊತೆ ಅವರು ಕ್ಯಾನ್ಸರ್ ಗಡ್ಡೆಗಳ ಅಧ್ಯಯನವನ್ನೂ ಮಾಡಿದರು. ಇಲಿಗಳ ಗಡ್ಡೆಗೆ ಎಕ್ಸ್‌ರೇ ಕೊಟ್ಟಾಗ ಡಿಎನ್‌ಎ ತಯಾರಿಕೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಅವರು ನೋಡಿದ್ದು ಅದೇ ಫಾಸ್ಫರಸ್-32 ಬಳಸಿ. 1943ರ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು, ಘೋಷಣೆಯಾದದ್ದು 1944ರಲ್ಲಿ. ಪ್ರಶಸ್ತಿ ಬಂದದ್ದು ಹಾಫ್ನಿಯಂಗಲ್ಲ, ಟ್ರೇಸರ್ ವಿಧಾನಕ್ಕೆ.

ಆಪರೇಷನ್ ಟೇಬಲ್ ತಲುಪಿದ ಉಪಾಯ

ಹೆವೆಶಿ ಬದುಕಿದ್ದಾಗಲೇ ಅವರ ಉಪಾಯ ಸರ್ಜನ್‌ಗಳ ಕೈ ಸೇರಿತು. 1949ರಲ್ಲಿ ಬಾಸ್ಟನ್‌ನ ನರಶಸ್ತ್ರವೈದ್ಯ ಬರ್ಟ್ರಮ್ ಸೆಲ್ವರ್‌ಸ್ಟೋನ್ ಮತ್ತು ಜೊತೆಗಾರರು ಮಿದುಳಿನ ಗಡ್ಡೆ ಇದ್ದ ರೋಗಿಗಳಿಗೆ ಫಾಸ್ಫರಸ್-32 ಕೊಟ್ಟರು. ಆಪರೇಷನ್ ಮಾಡುವಾಗ ಕಡ್ಡಿಯಂಥ ಗೈಗರ್ ಕೌಂಟರ್ ಹಿಡಿದು ಗಡ್ಡೆ ಎಲ್ಲಿಯವರೆಗೆ ಇದೆ ಎಂದು ಹುಡುಕಿದರು. ಗಡ್ಡೆ ರಂಜಕವನ್ನು ಹೆಚ್ಚು ಹೀರಿಕೊಳ್ಳುವುದರಿಂದ ಅಲ್ಲಿ ಸದ್ದು ಜೋರಾಗುತ್ತಿತ್ತು.

ಒಂದು ಕೊರತೆ ಇತ್ತು. ಫಾಸ್ಫರಸ್-32 ಸೂಸುವ ಬೀಟಾ ಕಣಗಳು ಮೈಯ ಮಾಂಸದಲ್ಲಿ ಕೆಲವೇ ಮಿಲಿಮೀಟರ್ ದಾಟುತ್ತವೆ. ಚರ್ಮದ ಹೊರಗಿನಿಂದ ಹುಡುಕಬೇಕೆಂದರೆ ಇನ್ನಷ್ಟು ದೂರ ಬರುವ ಗಾಮಾ ಕಿರಣ ಬೇಕು. ಅದನ್ನು ಒದಗಿಸಿದ್ದು ಟೆಕ್ನೀಶಿಯಂ-99ಎಂ. ಆಸ್ಪತ್ರೆಗೆ ಇದನ್ನು ನೇರವಾಗಿ ತರುವುದಿಲ್ಲ. ಮೊಲಿಬ್ಡಿನಂ ತುಂಬಿದ ಒಂದು ಡಬ್ಬ ಬರುತ್ತದೆ. ಅದರೊಳಗೆ ಟೆಕ್ನೀಶಿಯಂ ತಾನಾಗಿ ಹುಟ್ಟುತ್ತಿರುತ್ತದೆ. ದಿನಾ ಬೆಳಿಗ್ಗೆ ಉಪ್ಪುನೀರು ಹಾಯಿಸಿ ಅದನ್ನು ತೆಗೆಯುತ್ತಾರೆ. ಆ ವಿಭಾಗದವರು ತಮಾಷೆಗೆ ಡಬ್ಬವನ್ನು ಹಸು ಎಂದೂ, ಈ ಕೆಲಸವನ್ನು ಹಾಲು ಕರೆಯುವುದು ಎಂದೂ ಕರೆಯುತ್ತಾರೆ.

ಹೆವೆಶಿ 1966ರ ಜುಲೈ 5ರಂದು, ತಾವು ಓದಿದ ಫ್ರೈಬುರ್ಗ್‌ನಲ್ಲೇ ತೀರಿಕೊಂಡರು. 2001ರಲ್ಲಿ ಅವರ ಅವಶೇಷಗಳನ್ನು ಬುಡಾಪೆಸ್ಟ್‌ಗೆ ತಂದು ಮಣ್ಣು ಮಾಡಲಾಯಿತು. ಸ್ತನ ಕ್ಯಾನ್ಸರ್‌ನ ಗ್ರಂಥಿ ಹುಡುಕುವ ಕೆಲಸಕ್ಕೆ ಅವರ ಉಪಾಯ ಬಂದದ್ದನ್ನು ಅವರು ನೋಡಲಿಲ್ಲ.

ಕಾವಲು ಗ್ರಂಥಿ ಅಂದರೇನು?

ನಮ್ಮ ಮೈಯಲ್ಲಿ ರಕ್ತನಾಳಗಳಂತೆಯೇ ದುಗ್ಧರಸ ಹರಿಯುವ ಸೂಕ್ಷ್ಮ ನಾಳಗಳೂ ಇವೆ. ಆ ದಾರಿಯಲ್ಲಿ ಅಲ್ಲಲ್ಲಿ ಕಾಳಿನಂಥ ಗ್ರಂಥಿಗಳಿವೆ. ಇವೇ ಲಿಂಫ್ ನೋಡ್‌ಗಳು. ಕಂಕುಳಿನಲ್ಲಿ ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ಇರುತ್ತವೆ. ಸ್ತನದ ಗಡ್ಡೆಯಿಂದ ಕಳಚಿಕೊಂಡ ಕ್ಯಾನ್ಸರ್ ಕೋಶಗಳು ಮೊದಲು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೆಲ್ಲ ಒಟ್ಟಿಗೆ ತೆಗೆಯುವ ಪದ್ಧತಿ ತಂದರು. ಮುಂದೆ ಸ್ನಾಯು ಉಳಿಸುವ, ಸ್ತನ ಉಳಿಸುವ ಆಪರೇಷನ್‌ಗಳು ಬಂದವು. ಆದರೆ ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಯುವುದು ಬಹುಕಾಲ ಉಳಿಯಿತು. ಕ್ಯಾನ್ಸರ್ ಅಲ್ಲಿಗೆ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ತೆಗೆದು ನೋಡಿದಾಗ ಎಷ್ಟೋ ಜನರಲ್ಲಿ ಒಂದರಲ್ಲೂ ಕ್ಯಾನ್ಸರ್ ಇರುತ್ತಿರಲಿಲ್ಲ. ತೋಳಿನ ಬಾವು ಮಾತ್ರ ಉಳಿಯುತ್ತಿತ್ತು.

ಇಲ್ಲೊಂದು ಸರಳ ತರ್ಕ ಇದೆ. ದುಗ್ಧರಸ ಎಲ್ಲ ಗ್ರಂಥಿಗಳಿಗೂ ಒಮ್ಮೆಲೇ ಹೋಗುವುದಿಲ್ಲ. ಮೊದಲು ಒಂದೆರಡನ್ನು ತಲುಪಿ, ಆಮೇಲೆ ಮುಂದಕ್ಕೆ ಹರಿಯುತ್ತದೆ. ಊರಿನ ಹೆಬ್ಬಾಗಿಲಿನ ಕಾವಲುಗಾರನಂತೆ ನಿಂತಿರುವ ಈ ಮೊದಲ ಗ್ರಂಥಿಯೇ ಕಾವಲು ಗ್ರಂಥಿ, ಸೆಂಟಿನಲ್ ನೋಡ್. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಹಿಂದಿನವುಗಳಲ್ಲೂ ಇರುವ ಸಾಧ್ಯತೆ ಬಹಳ ಕಡಿಮೆ.

1977ರಲ್ಲಿ ರಾಮೊನ್ ಕಬಾನ್ಯಾಸ್ ಎಂಬ ವೈದ್ಯರು ಪುರುಷರ ಜನನಾಂಗದ ಕ್ಯಾನ್ಸರ್‌ನಲ್ಲಿ ಇದನ್ನು ತೋರಿಸಿದರು. 1992ರಲ್ಲಿ ಡೊನಾಲ್ಡ್ ಮಾರ್ಟನ್ ಚರ್ಮದ ಕ್ಯಾನ್ಸರ್‌ನಲ್ಲಿ ನೀಲಿ ಬಣ್ಣ ಚುಚ್ಚಿ ಕಾವಲು ಗ್ರಂಥಿ ಹುಡುಕಿದರು. 1993ರಲ್ಲಿ ಡೇವಿಡ್ ಕ್ರಾಗ್ ಮತ್ತು ಜೊತೆಗಾರರು ಸ್ತನ ಕ್ಯಾನ್ಸರ್‌ನಲ್ಲಿ ಟೆಕ್ನೀಶಿಯಂ ಮತ್ತು ಕೈಯಲ್ಲಿ ಹಿಡಿಯುವ ಗಾಮಾ ಪ್ರೋಬ್ ಬಳಸಿದರು.

ಕೈಯಲ್ಲಿ ಹಿಡಿಯುವ ಪತ್ತೇದಾರ

ಈಗ ಇಂಜೆಕ್ಷನ್‌ಗೆ ಬರೋಣ. ಟೆಕ್ನೀಶಿಯಂ ಅಂಟಿಸಿದ ಅತಿ ಸಣ್ಣ ಕಣಗಳನ್ನು ಆಪರೇಷನ್ ದಿನ ಅಥವಾ ಹಿಂದಿನ ದಿನ ಸ್ತನದ ಚರ್ಮದಡಿ ಅಥವಾ ಗಡ್ಡೆಯ ಸುತ್ತ ಚುಚ್ಚುತ್ತಾರೆ. ಕಣಗಳು ದುಗ್ಧರಸದ ಜೊತೆ ಸಾಗಿ ಕಾವಲು ಗ್ರಂಥಿಯಲ್ಲಿ ತಂಗುತ್ತವೆ.

ಪ್ರೋಬ್ ದಪ್ಪ ಪೆನ್ನಿನಂಥ ಕಡ್ಡಿ. ತುದಿಯಲ್ಲಿ ಗಾಮಾ ಕಿರಣವನ್ನು ವಿದ್ಯುತ್ ಸಂಕೇತವಾಗಿಸುವ ಸ್ಫಟಿಕ. ಅಕ್ಕಪಕ್ಕದ ಕಿರಣ ನುಗ್ಗದಂತೆ ಸುತ್ತ ಭಾರಲೋಹದ ತಡೆ. ಹಾಗಾಗಿ ಎದುರಿಗೆ ಇರುವುದನ್ನು ಮಾತ್ರ ಅದು ನೋಡುತ್ತದೆ. ಸರ್ಜನ್ ಕಂಕುಳಿನ ಮೇಲೆ ನಿಧಾನವಾಗಿ ಆಡಿಸುತ್ತ ಹೋದಂತೆ ಯಂತ್ರ ಬೀಪ್ ಎನ್ನುತ್ತದೆ. ಹತ್ತಿರವಾದಂತೆ ಬೀಪ್ ದಟ್ಟವಾಗುತ್ತದೆ, ಪರದೆಯ ಮೇಲಿನ ಅಂಕಿ ಏರುತ್ತದೆ. ಕಾಡಿನಲ್ಲಿ ಗಂಟೆಯ ಸದ್ದು ಹಿಡಿದು ದನ ಹುಡುಕಿದ ಹಾಗೆಯೇ.

ಸದ್ದು ಜೋರಾದ ಜಾಗದಲ್ಲಿ ಚಿಕ್ಕ ಗಾಯ ಮಾಡಿ ಗ್ರಂಥಿ ತೆಗೆಯುತ್ತಾರೆ. ತೆಗೆದದ್ದನ್ನು ಹೊರಗೆ ಪ್ರೋಬ್‌ಗೆ ಹಿಡಿದು, ಸಿಕ್ಕಿದ್ದು ಸರಿಯಾದದ್ದೇ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಗಾಯದೊಳಗೆ ಮತ್ತೆ ಹುಡುಕುತ್ತಾರೆ. ಇನ್ನೂ ಸದ್ದು ಮಾಡುವುದು ಉಳಿದಿದ್ದರೆ ಅದನ್ನೂ ತೆಗೆಯುತ್ತಾರೆ. ಗ್ರಂಥಿ ಪರೀಕ್ಷೆಗೆ ಹೋಗುತ್ತದೆ.

ಪ್ರೋಬ್ ಸದ್ದು ಮತ್ತು ಅಂಕಿ ಕೊಡುತ್ತದೆ, ಚಿತ್ರ ಕೊಡುವುದಿಲ್ಲ. ಇಂಜೆಕ್ಷನ್ ಕೊಟ್ಟ ಜಾಗದ ಪಕ್ಕದಲ್ಲೇ ಗ್ರಂಥಿ ಇದ್ದರೆ, ಜಾತ್ರೆಯ ಮೈಕಿನ ಪಕ್ಕ ಗೆಜ್ಜೆ ಸದ್ದು ಕೇಳಿಸದ ಹಾಗೆ, ಅದು ತಪ್ಪಿಹೋಗಬಹುದು. ಇದಕ್ಕೆಂದೇ ಕೈಯಲ್ಲಿ ಹಿಡಿಯುವ ಗಾಮಾ ಕ್ಯಾಮೆರಾಗಳು ಬಂದಿವೆ. ಇವು ಆಪರೇಷನ್ ನಡೆಯುತ್ತಿರುವಾಗಲೇ ಪರದೆಯ ಮೇಲೆ ಚುಕ್ಕಿಗಳಾಗಿ ಗ್ರಂಥಿಗಳನ್ನು ತೋರಿಸುತ್ತವೆ. ಅಕ್ಕಪಕ್ಕ ಇರುವ ಎರಡು ಗ್ರಂಥಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಗುಟ್ಕಾ, ತಂಬಾಕಿನಿಂದ ನಮ್ಮಲ್ಲಿ ಹೆಚ್ಚಾಗಿರುವ ಬಾಯಿ ಕ್ಯಾನ್ಸರ್‌ನಲ್ಲಿ ಗಡ್ಡೆಗೂ ಗ್ರಂಥಿಗೂ ಅಂತರ ಬಹಳ ಕಡಿಮೆ ಇರುವುದರಿಂದ ಇಂಥ ಚಿತ್ರ ನೆರವಿಗೆ ಬರುತ್ತದೆ.

ವಿಕಿರಣ ಇಲ್ಲದ ದಾರಿಗಳೂ ಇವೆ. ನೀಲಿ ಬಣ್ಣ ಚುಚ್ಚಿ ಕಣ್ಣಿನಿಂದಲೇ ಹುಡುಕುವುದು ಒಂದು. ಇಂಡೊಸಯನೀನ್ ಗ್ರೀನ್ ಎಂಬ ಬಣ್ಣ ಚುಚ್ಚಿ ವಿಶೇಷ ಕ್ಯಾಮೆರಾದಲ್ಲಿ ಅದು ಹೊಳೆಯುವುದನ್ನು ನೋಡುವುದು ಇನ್ನೊಂದು. ಎಲ್ಲ ಆಸ್ಪತ್ರೆಗಳಲ್ಲೂ ಗಾಮಾ ಪ್ರೋಬ್ ಇರುವುದಿಲ್ಲ. ಇದ್ದ ಕಡೆ ಹಲವು ಸಲ ಎರಡು ವಿಧಾನಗಳನ್ನು ಒಟ್ಟಿಗೆ ಬಳಸುತ್ತಾರೆ, ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗಲಿ ಎಂದು.

ಅಂತೆಕಂತೆ ಯಾವುದು, ವಾಸ್ತವ ಯಾವುದು?

*ಮೈಯಲ್ಲಿ ವಿಕಿರಣ ಉಳಿದುಬಿಡುತ್ತದೆಯೇ?* ಇಲ್ಲ. ಟೆಕ್ನೀಶಿಯಂ-99ಎಂ ಪ್ರತಿ 6 ಗಂಟೆಗೆ ಅರ್ಧದಷ್ಟಾಗುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಹದಿನಾರರಲ್ಲಿ ಒಂದು ಪಾಲು ಉಳಿದಿರುತ್ತದೆ. ಕೊಡುವ ಪ್ರಮಾಣವೂ ಮೂಳೆ ಸ್ಕ್ಯಾನ್‌ಗೆ ಕೊಡುವುದಕ್ಕಿಂತ ಎಷ್ಟೋ ಪಾಲು ಕಡಿಮೆ.

*ರೋಗಿಯನ್ನು ದೂರ ಇಡಬೇಕೆ?* ಬೇಕಿಲ್ಲ. ಈ ಭಯಕ್ಕೆ ಒಂದು ಮೂಲವಿದೆ. ಥೈರಾಯ್ಡ್ ಕ್ಯಾನ್ಸರ್‌ಗೆ ಔಷಧಿಯಾಗಿ ಹೆಚ್ಚಿನ ಪ್ರಮಾಣದ ವಿಕಿರಣ ಅಯೋಡಿನ್ ಕೊಟ್ಟಾಗ ಕೆಲವು ದಿನ ರೋಗಿಯನ್ನು ಪ್ರತ್ಯೇಕವಾಗಿ ಇಡುತ್ತಾರೆ. ಅಲ್ಲಿ ಉದ್ದೇಶ ಕೋಶ ಕೊಲ್ಲುವುದು. ಇಲ್ಲಿ ಉದ್ದೇಶ ದಾರಿ ತೋರುವುದು ಮಾತ್ರ. ಎರಡೂ ಒಂದೇ ಎಂದು ತಿಳಿಯಬಾರದು. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಮಾತ್ರ ಮೊದಲೇ ವೈದ್ಯರಿಗೆ ತಿಳಿಸಬೇಕು.

*ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ?* ಈ ಇಂಜೆಕ್ಷನ್‌ನಿಂದ ಹಾಗೆ ಆಗುವುದಿಲ್ಲ. ಹಲವು ಕಡೆ ಇದನ್ನು ಗಡ್ಡೆಗೆ ಚುಚ್ಚುವುದೂ ಇಲ್ಲ, ಮೊಲೆತೊಟ್ಟಿನ ಸುತ್ತಲ ಚರ್ಮದಡಿ ಕೊಡುತ್ತಾರೆ. ಕಣಗಳು ಸಾಗುವುದು ಮೊದಲೇ ಇರುವ ದಾರಿಯಲ್ಲಿ.

*ಎಲ್ಲ ಗ್ರಂಥಿ ತೆಗೆದರೆ ಹೆಚ್ಚು ಭದ್ರವೇ?* ಕಾವಲು ಗ್ರಂಥಿ ಶುದ್ಧವಾಗಿದ್ದರೆ ಅಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 5,611 ಮಹಿಳೆಯರು ಪಾಲ್ಗೊಂಡ ದೊಡ್ಡ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಕಾವಲು ಗ್ರಂಥಿಯಲ್ಲಿ ಕ್ಯಾನ್ಸರ್ ಇಲ್ಲದವರಲ್ಲಿ, ಅದೊಂದನ್ನೇ ತೆಗೆಸಿಕೊಂಡವರೂ ಎಲ್ಲವನ್ನೂ ತೆಗೆಸಿಕೊಂಡವರೂ ಬದುಕುಳಿಯುವಲ್ಲಿ ವ್ಯತ್ಯಾಸ ಕಾಣಲಿಲ್ಲ. ತೋಳಿನ ಬಾವಿನಲ್ಲಿ ವ್ಯತ್ಯಾಸ ದೊಡ್ಡದು. ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬಾವು ಬಂದರೆ, ಕಾವಲು ಗ್ರಂಥಿ ಮಾತ್ರ ತೆಗೆಸಿಕೊಂಡವರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ.

*ಹಾಗಾದರೆ ಎಲ್ಲರಿಗೂ ಇದೇ ಸಾಕೆ?* ಸಾಲದು. ಕ್ಯಾನ್ಸರ್ ಗ್ರಂಥಿಗಳಿಗೆ ಹರಡಿರುವುದು ಆಗಲೇ ಖಚಿತವಾಗಿದ್ದರೆ ಚಿಕಿತ್ಸೆಯ ದಾರಿ ಬೇರೆ ಇರಬಹುದು. ಈ ಪರೀಕ್ಷೆಯೂ ಪೂರ್ತಿ ತಪ್ಪಿಲ್ಲದ್ದಲ್ಲ. ಗ್ರಂಥಿಗಳಲ್ಲಿ ಕ್ಯಾನ್ಸರ್ ಇರುವ ಹತ್ತು ಜನರಲ್ಲಿ ಸುಮಾರು ಒಬ್ಬರಲ್ಲಿ ಕಾವಲು ಗ್ರಂಥಿ ಶುದ್ಧವಾಗಿ ಕಂಡದ್ದು ಮೇಲಿನ ಅಧ್ಯಯನದಲ್ಲೂ ಇದೆ. ಹಾಗಿದ್ದೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಬರಲಿಲ್ಲ. ಆಪರೇಷನ್ ನಂತರ ಕೊಡುವ ಚಿಕಿತ್ಸೆಯೂ ಅವರ ನೆರವಿಗೆ ಇರುತ್ತದೆ.

ವೈದ್ಯರನ್ನು ಏನು ಕೇಳಬೇಕು?

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್‌ನ ಆಪರೇಷನ್ ಇದ್ದರೆ ಮೂರು ಪ್ರಶ್ನೆ ಕೇಳಿ. ಕಾವಲು ಗ್ರಂಥಿ ಪರೀಕ್ಷೆ ಇವರಿಗೆ ಹೊಂದುತ್ತದೆಯೇ? ಈ ಆಸ್ಪತ್ರೆಯಲ್ಲಿ ಅದನ್ನು ಯಾವ ವಿಧಾನದಲ್ಲಿ ಮಾಡುತ್ತೀರಿ? ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕರೆ ಮುಂದೇನು? ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ವಿಕಿರಣ ಎಂಬ ಪದ ಕೇಳಿದ ಕೂಡಲೇ ಹೆದರುವ ಬದಲು, ಯಾವ ವಸ್ತು, ಎಷ್ಟು, ಎಷ್ಟು ಹೊತ್ತು, ಯಾವ ಕೆಲಸಕ್ಕೆ ಎಂದು ಕೇಳಿದರೆ ಅರ್ಧ ಭಯ ಅಲ್ಲೇ ಕರಗುತ್ತದೆ. ಹೆವೆಶಿ ಬದುಕಿಡೀ ತೋರಿಸಿದ್ದು ಒಂದೇ ಸಂಗತಿ: ಚೂರೇ ಚೂರು ಗುರುತು ಸಾಕು, ಅದು ಹೋಗುವ ದಾರಿಯನ್ನು ಕೆಡಿಸುವುದಿಲ್ಲ, ಹುಡುಕುವವರಿಗೆ ಮಾತ್ರ ತಾನಿರುವ ಜಾಗ ಹೇಳುತ್ತದೆ. ಮುಂದಿನ ಸಲ ಈ ಇಂಜೆಕ್ಷನ್ ಬಗ್ಗೆ ಹೆದರಿಸುವ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ, ಬದಲಿಗೆ ಇದನ್ನು ಕಳುಹಿಸಿ.